ಬೂಟಿನ ಗುರುತು

ಪುಟ್ಟಿ,

ಭಾನುವಾರ ಮಾತಿನ ಮಧ್ಯೆ ಫೋನ್ ಇಟ್ಟವನು ನಾನು. ತಪ್ಪಾಯಿತು. "ಈ ಸಲ ಟರ್ಕಿ ಬೇಟೆಗೆ ಒಬ್ಬಳೇ ಹೋಗ್ತೀನಿ ಅಪ್ಪಾ, ನೀವು ಬರೋದು ಬೇಡ" ಅಂದೆಯಲ್ಲ, ಅದರಲ್ಲಿ ಕೋಪ ಮಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ನಿನಗೆ ಇಪ್ಪತ್ತಾರು ವರ್ಷ. ನಿನ್ನದೇ ಕೋವಿ, ಬೇಟೆಯ ಪರವಾನಗಿ ಟ್ಯಾಗೂ ನಿನ್ನದೇ. ನನ್ನ ಕೋಪಕ್ಕೆ ಬೇರೆ ಕಾರಣ ಇತ್ತು, ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಒಂದೇ ಉಸಿರಿಗೆ ಓದಿ ಮುಗಿಸುತ್ತೀಯ. ಕನ್ನಡ ಆದರೆ ನಿಧಾನವಾಗಿ ಓದುತ್ತೀಯ. ಅದಕ್ಕೇ ಕನ್ನಡ.

ನೀನು ಕಳಿಸಿದ ಫೋಟೋ ನೋಡಿದೆ. ವಿಸ್ಕಾನ್ಸಿನ್‌ನ ಕಿಕಾಪೂ ಕಣಿವೆಯ ಮಣ್ಣುದಾರಿ, ಹೆಜ್ಜೆ ಗುರುತು, ಅಳತೆಗೆ ಪಕ್ಕದಲ್ಲಿ ಕಾರಿನ ಕೀ. ಅದು ಟರ್ಕಿ ಹುಂಜನದ್ದೇ. ಹೆಜ್ಜೆ ನಾಲ್ಕೂವರೆ ಇಂಚಿನ ಹತ್ತಿರ ಇದೆ, ನಡುಬೆರಳು ಚೆನ್ನಾಗಿ ಉದ್ದ ಇದೆ. ಟರ್ಕಿ ಹೇಂಟೆಯ ಕಾಲು ಇಷ್ಟು ದೊಡ್ಡದಿರುವುದಿಲ್ಲ. ಹೆಜ್ಜೆಯ ಎರಡೂ ಕಡೆ ಸಣ್ಣ ಗೀರುಗಳಿದ್ದವಲ್ಲ, ಅದಕ್ಕೆ ನೀನೇ ಸುತ್ತು ಹಾಕಿ ಕಳಿಸಿದ್ದು ನೋಡಿ ಎಷ್ಟು ಖುಷಿಯಾಯಿತು ಗೊತ್ತಾ? ಹುಂಜ ಬಾಲ ಬಿಚ್ಚಿ, ರೆಕ್ಕೆ ಇಳಿಬಿಟ್ಟು ಹೇಂಟೆಯ ಮುಂದೆ ಮೆರೆದಿದೆ. ರೆಕ್ಕೆಯ ತುದಿ ನೆಲಕ್ಕೆ ಉಜ್ಜಿದ ಗೆರೆ ಅದು. ಎಷ್ಟೋ ವರ್ಷ ಬೇಟೆಯಾಡಿದವರು ಅದನ್ನು ತುಳಿದುಕೊಂಡು ಹೋಗುತ್ತಾರೆ. ಫೋನ್ ಇಡುವ ಮುಂಚೆ ಇದನ್ನು ಹೇಳಬೇಕಿತ್ತು.

ಹಿಕ್ಕೆ, ಗರಿ, ದೂಳಿನಲ್ಲಿ ಹೊರಳಾಡಿದ ಗುಂಡಿ, ಎಲ್ಲ ನಿನಗೆ ಗೊತ್ತು. ಎಲೆ ಕೆದಕಿದ ಜಾಗವನ್ನು ಮಾತ್ರ ಇನ್ನೂ ಅವಸರದಲ್ಲಿ ನೋಡುತ್ತೀಯ. ಕೋಳಿ ಕೆದಕುವಾಗ ಎಲೆ ಹಿಂದಕ್ಕೆ ಹಾರುತ್ತದೆ, ಅಲ್ವಾ? ಹಾಗಾಗಿ ಎಲೆಯ ರಾಶಿ ಯಾವ ಕಡೆ ಇದೆಯೋ ಅದರ ಎದುರು ದಿಕ್ಕಿಗೆ ಹಿಂಡು ಹೋಗಿದೆ. ಕೆಳಗಿನ ಮಣ್ಣನ್ನು ಮುಟ್ಟಿ ನೋಡು. ಕಪ್ಪಗೆ ತೇವ ಇದ್ದರೆ ಹೊಸದು. ಒಣಗಿ ಮೇಲೆ ಕಸ ಬಿದ್ದಿದ್ದರೆ ಹಳೆಯದು. ನಿನ್ನ ತಾತ ಕೊಡಗಿನ ತೋಟದಲ್ಲಿ ಆಳುಗಳು ಬರುವ ಮುಂಚೆ ಆನೆ ಲದ್ದಿಯನ್ನು ಹೀಗೇ ಮುಟ್ಟಿ ನೋಡುತ್ತಿದ್ದರು. ಬಿಸಿ ಇದ್ದರೆ ಆವತ್ತು ಆ ಕಡೆ ಯಾರಿಗೂ ಕೆಲಸ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಮ್ಮಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಗೆ ಹೊರಗೆ ಬರುತ್ತಿತ್ತು, ತೋಕ್‌ಪೂ ಹೂವು ಮುಡಿದು ಮತ್ತೆ ಗೋಡೆಗೆ ಹೋಗುತ್ತಿತ್ತು. ನಾನು ಗುರುತು ಓದುವುದನ್ನು ಕಲಿತದ್ದು ಬೇಟೆಗಲ್ಲ. ಯಾರೂ ಸಾಯದೆ ಸಂಜೆ ಮನೆಗೆ ಬರಲಿ ಅಂತ.

ಅಂಥವನು ಒಮ್ಮೆ ಓದಲಿಲ್ಲ.

ನಿನಗೆ ಹದಿಮೂರು ವರ್ಷ ಆಗ. ವಿಸ್ಕಾನ್ಸಿನ್‌ನಲ್ಲಿ ಕಾಡು ಟರ್ಕಿ ಪೂರ್ತಿ ಅಳಿದುಹೋದಮೇಲೆ, 1976ರಲ್ಲಿ ಮಿಸ್ಸೌರಿಯಿಂದ 29 ಹಕ್ಕಿಗಳನ್ನು ತಂದು ಈ ಕಣಿವೆಯ ವರ್ನನ್ ಕೌಂಟಿಯಲ್ಲಿ ಬಿಟ್ಟರು ಅಂತ ಓದಿದ್ದೆ. ಮಗಳ ಮೊದಲ ಹುಂಜ ಅಲ್ಲೇ ಆಗಬೇಕು ಅಂತ ನನಗೆ ಹಠ. ಹಿಂದಿನ ಸಂಜೆ ಒಬ್ಬನೇ ಹೋಗಿ ನೋಡಿಬಂದೆ. ನೀನು ಕಳಿಸಿದಂಥದ್ದೇ ಹೆಜ್ಜೆ, ಅಂಥದ್ದೇ ಗೆರೆ. ಅದರ ಮೇಲೆ ಒಂದು ಬೂಟಿನ ಗುರುತು. ಪಕ್ಕದಲ್ಲಲ್ಲ, ಮೇಲೆ. ಅಂದರೆ ಹಕ್ಕಿ ಹೋದಮೇಲೆ ಬಂದವರು. ಅಂಚು ಇನ್ನೂ ಚೂಪಾಗಿತ್ತು, ಮಣ್ಣು ಒದ್ದೆ ಇತ್ತು. ನೋಡಲಿಲ್ಲ ಅಂತಲ್ಲ ಪುಟ್ಟಿ, ನೋಡಿದೆ. ಯಾರೋ ಸುಮ್ನೆ ನಡೆಯಲು ಬಂದವರು ಅಂದುಕೊಂಡೆ. ಹಾಗೆ ಅಂದುಕೊಂಡರೆ ಮಾತ್ರ ಮರುದಿನ ನಿನ್ನನ್ನು ಅಲ್ಲಿಗೆ ಕರೆತರಬಹುದಿತ್ತು, ಅದಕ್ಕೇ ಅಂದುಕೊಂಡೆ.

ಬೆಳಗ್ಗೆ ಓಕ್ ಮರದ ಬುಡದಲ್ಲಿ ಕೂತೆವು. ನಾನು ಬಾಕ್ಸ್ ಕಾಲ್ ಅನ್ನುವ ಮರದ ಡಬ್ಬಿಯಲ್ಲಿ ಹೇಂಟೆಯ ಹಾಗೆ ಕೂಗುತ್ತಿದ್ದೆ. ಚಳಿಗೆ ನಿನ್ನ ಮೂಗು ಸೋರುತ್ತಿತ್ತು. ನನ್ನ ಕರವಸ್ತ್ರ ಕೊಟ್ಟೆ. ಬಿಳಿ ಕರವಸ್ತ್ರ. ಹುಂಜನ ತಲೆ ಕೆಂಪು, ಬಿಳಿ, ನೀಲಿ. ಆ ಮೂರು ಬಣ್ಣ ಮೈಮೇಲೆ ಇರಬಾರದು ಅಂತ ನಿನಗೆ ಹೇಳಿಕೊಟ್ಟವನೇ ನಾನು. ನೀನು ಮೂಗು ಒರೆಸಿಕೊಂಡೆ. ಮೂವತ್ತು ಗಜ ದೂರದ ಪೊದೆಯಲ್ಲಿ ಒಂದು ಕೋವಿಯ ನಳಿಗೆ ನಿನ್ನ ಕಡೆ ತಿರುಗಿತು.

ನನ್ನ ಕೂಗು ಕೇಳಿ, ನಿಜವಾದ ಹಕ್ಕಿ ಅಂತ ತೆವಳಿಕೊಂಡು ಬಂದಿದ್ದ ಆತ. "ಮಗು ಇದೆ, ಮಗು ಇದೆ" ಅಂತ ಅರಚಿದೆ. ಕನ್ನಡದಲ್ಲಿ. ಬೇರೆ ಭಾಷೆ ಬಾಯಿಗೆ ಬರಲಿಲ್ಲ. ನಳಿಗೆ ಇಳಿಯಿತು. ಆತ ಒಂದು ಮಾತೂ ಆಡದೆ ಹಿಂದೆ ಸರಿದು ಹೋದ. ನೀನು ಆಚೆ ಕಡೆ ನೋಡುತ್ತಿದ್ದೆ. ಯಾಕೆ ಕೂಗಿದಿರಿ ಅಂತ ಕೇಳಿದೆ. ಹೊಟ್ಟೆ ಹಿಡಿದುಕೊಂಡಿತು ಅಂದೆ. ಮನೆಯವರೆಗೂ ನೀನು ನನ್ನನ್ನು ರೋಗಿಯ ಹಾಗೆ ನೋಡಿಕೊಂಡೆ. ಹೊಟ್ಟೆನೋವು ಇರಲಿಲ್ಲ ಪುಟ್ಟಿ.

ಹದಿಮೂರು ವರ್ಷ ಆಯಿತು. ಆ ಬೂಟಿನ ಹಿಮ್ಮಡಿಯ ಹೊರಗಿನ ಮೂಲೆ ಸವೆದಿತ್ತು. ಈಗಲೂ ಬಿಡಿಸಿ ತೋರಿಸಬಲ್ಲೆ. ನೀನು ಒಬ್ಬಳೇ ಹೋಗುತ್ತೇನೆ ಅಂದಾಗ ಕಣ್ಣ ಮುಂದೆ ಬಂದದ್ದು ಅದು, ನೀನಲ್ಲ.

ಆದ್ದರಿಂದ ಕೇಳು. ಹಕ್ಕಿಯ ಗುರುತಿಗಿಂತ ಮೊದಲು ಮನುಷ್ಯರ ಗುರುತು ನೋಡು. ಹುಲ್ಲಿನ ಮೇಲೆ ಟೈರು ನಿಂತ ಗುರುತು, ಖಾಲಿ ತೋಟಾ, ಮರದ ಬುಡದಲ್ಲಿ ಯಾರೋ ಎಲೆ ಸರಿಸಿ ಕೂತ ಜಾಗ. ಇದ್ದರೆ ಬೇರೆ ಬೆಟ್ಟಕ್ಕೆ ಹೋಗು, ಅಲ್ಲಿ ಎಂಥ ಹುಂಜ ಇದ್ದರೂ ಸರಿ. ನಿನ್ನ ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರು. ಟರ್ಕಿಯ ಕೂಗು ಕೇಳಿದ ಕಡೆ ನಡೆಯಬೇಡ, ಕೂಗುತ್ತಿರುವುದು ಮನುಷ್ಯ ಇರಬಹುದು. ಯಾರಾದರೂ ಕಂಡರೆ ಕೈ ಬೀಸಬೇಡ. ಅಲ್ಲಾಡದೆ ಕೂತು ಜೋರಾಗಿ ಮಾತಾಡು. ಹಕ್ಕಿ ಸಿಕ್ಕಿದರೆ ಕಿತ್ತಳೆ ಬಟ್ಟೆಯಲ್ಲಿ ಸುತ್ತಿಯೇ ಹೊತ್ತು ತಾ. ಫೋನ್‌ನಲ್ಲಿ ಜಾಗ ಕಳಿಸು. ಬೆಳಗ್ಗೆ ತಿಂಡಿ ತಿಂದೇ ಹೋಗು.

ಇಷ್ಟೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದಿದ್ದೇನೆ, ಓದು.

ಬೇಟೆ ಶುರುವಾಗುವ ಏಪ್ರಿಲ್‌ನ ಮೂರನೇ ಬುಧವಾರಕ್ಕೆ ಮುಂಚೆ ನಿನಗೊಂದು ಪಾರ್ಸೆಲ್ ಬರುತ್ತದೆ. ಕಡು ಹಸಿರು ಬಣ್ಣದ ಕರವಸ್ತ್ರ ನಾಲ್ಕು ಇವೆ. ಅಮ್ಮನೇ ಕೂತು ಅಂಚು ಹೊಲಿದಳು. ಯಾಕೆ ಅಂತ ಅವಳಿಗೆ ಇನ್ನೂ ಹೇಳಿಲ್ಲ.

ನಿನ್ನ
ಅಪ್ಪ