ಸ್ಟೀರಾಯ್ಡ್ ಮಾತ್ರೆಗೆ ಹೆದರಿ ದಿಢೀರನೆ ಬಿಡುವವರ ಬಗ್ಗೆ

ಮಾನ್ಯ ಸಂಪಾದಕರೇ,

ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ ಎಂಬ ಬರಹಗಳು ಆಗಾಗ ಬರುತ್ತವೆ. ಸುಳ್ಳೇನಲ್ಲ. ಆದರೆ ಅವನ್ನೋದಿ ಗಾಬರಿಯಾಗಿ, ತಿಂಗಳುಗಟ್ಟಲೆ ನುಂಗುತ್ತಿದ್ದ ಮಾತ್ರೆಯನ್ನು ಒಂದೇ ದಿನಕ್ಕೆ ಬಿಟ್ಟುಬಿಟ್ಟರೆ ಏನಾಗುತ್ತದೆಂದು ತಿಳಿಸುವವರು ಕಡಿಮೆ.

ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ದಿನವೂ ತಯಾರಿಸುತ್ತವೆ. ಅದಕ್ಕೆ ಕಚ್ಚಾವಸ್ತು, ಎಲ್ಲರೂ ಬೈಯುವ ಕೊಲೆಸ್ಟರಾಲ್! ಕೊಬ್ಬಿನಲ್ಲಿ ಕರಗುವ ಗುಣವಿರುವುದರಿಂದ ಕಾರ್ಟಿಸಾಲ್ ಜೀವಕೋಶದ ಪೊರೆ ದಾಟಿ ಸಲೀಸಾಗಿ ಒಳಹೋಗುತ್ತದೆ. ಅಲ್ಲಿರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ಕೋಶಕೇಂದ್ರ ಸೇರಿ, ಕೆಲವು ಜೀನ್‌ಗಳನ್ನು ಚುರುಕುಗೊಳಿಸಿ ಕೆಲವನ್ನು ಅಡಗಿಸುತ್ತದೆ. ಉಬ್ಬಸ ಜೋರಾದಾಗ ಕೊಟ್ಟ ಸ್ಟೀರಾಯ್ಡ್ ಪೂರ್ತಿ ಕೆಲಸ ಮಾಡಲು ಗಂಟೆಗಳೇ ಹಿಡಿಯುವುದು ಈ ಕಾರಣಕ್ಕೆ. ರಕ್ತದೊತ್ತಡ ಕುಸಿಯದಂತೆ, ಉರಿಯೂತ ಮಿತಿಮೀರದಂತೆ ಕಾಯುವುದರಲ್ಲೂ ಕಾರ್ಟಿಸಾಲ್‌ಗೆ ದೊಡ್ಡ ಪಾತ್ರವಿದೆ.

ಎಷ್ಟು ತಯಾರಾಗಬೇಕೆಂಬ ಆಜ್ಞೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ವೈದ್ಯರು ಕೊಡುವ ಸ್ಟೀರಾಯ್ಡ್ ಮಾತ್ರೆ ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುತ್ತದೆ: ಅಂಥದ್ದೊಂದಾದ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ, ಸುಮಾರು 20 ಮಿಲಿಗ್ರಾಂ ಕಾರ್ಟಿಸಾಲ್‌ಗೆ ಸಮ. ಅದಕ್ಕಿಂತ ಹೆಚ್ಚಿನ ಪ್ರಮಾಣ ವಾರಗಟ್ಟಲೆ ಹೊರಗಿನಿಂದಲೇ ಬರುತ್ತಿದ್ದರೆ ಪಿಟ್ಯುಟರಿ ಆಜ್ಞೆ ಕೊಡುವುದನ್ನೇ ಬಿಡುತ್ತದೆ, ಕೆಲಸವಿಲ್ಲದ ಅಡ್ರಿನಲ್ ಸೊರಗುತ್ತದೆ. ಅದು ಚೇತರಿಸಿಕೊಳ್ಳಲು ಕೆಲವರಲ್ಲಿ ತಿಂಗಳುಗಳೇ ಬೇಕು. ಅಷ್ಟರೊಳಗೆ ಮಾತ್ರೆ ನಿಂತರೆ ಸುಸ್ತು, ವಾಂತಿ, ತಲೆಸುತ್ತು ಶುರುವಾಗಬಹುದು. ಜ್ವರವೋ ಶಸ್ತ್ರಚಿಕಿತ್ಸೆಯೋ ಜೊತೆಗೂಡಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣಕ್ಕೇ ಕುತ್ತು. ನಾಲ್ಕೈದು ದಿನಕ್ಕೆಂದು ಕೊಟ್ಟ ಮಾತ್ರೆಗೆ ಸಾಮಾನ್ಯವಾಗಿ ಈ ಭಯವಿಲ್ಲ.

ಮೈಕಟ್ಟು ಬೆಳೆಸಲು ಕದ್ದುಮುಚ್ಚಿ ಚುಚ್ಚಿಸಿಕೊಳ್ಳುವುದು ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಬಳಗದ ಸ್ಟೀರಾಯ್ಡ್. ಅದರ ಅಪಖ್ಯಾತಿಯನ್ನು ಸಂಧಿವಾತದ ರೋಗಿಯ ಮಾತ್ರೆಗೆ ಹೊರಿಸುವುದು ಅನ್ಯಾಯ. 2020ರಲ್ಲಿ ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿಸಿದ ಡೆಕ್ಸಾಮೆಥಸೋನ್ ಕೂಡ ಕಾರ್ಟಿಸಾಲ್ ಬಳಗದ್ದೇ. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭ ಕಾಣಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ದೀರ್ಘಕಾಲ ಸ್ಟೀರಾಯ್ಡ್ ಕೊಡುವ ವೈದ್ಯರು ಅದನ್ನು ಯಾವಾಗ, ಎಷ್ಟೆಷ್ಟು ಇಳಿಸುತ್ತ ಬರಬೇಕೆಂದು ಚೀಟಿಯಲ್ಲೇ ಬರೆದುಕೊಡಲಿ. ರೋಗಿಗಳೂ ಹಲ್ಲು ಕೀಳಿಸಲು ಹೋದರೂ ಸರಿ, ಈ ಮಾತ್ರೆಯ ವಿಷಯವನ್ನು ಮೊದಲೇ ಹೇಳಲಿ. ಅಡ್ಡಪರಿಣಾಮಗಳ ಪಟ್ಟಿ ಅಚ್ಚಾಗುವಾಗಲೆಲ್ಲ, ‘ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ’ ಎಂಬ ಸಾಲನ್ನೂ ದಪ್ಪಕ್ಷರದಲ್ಲಿ ಸೇರಿಸಬೇಕೆಂದು ತಮ್ಮಲ್ಲಿ ವಿನಂತಿ.

ಇಂತಿ,
ಓರ್ವ ಓದುಗ