ಬಾಂದೆರಾಸ್ ಕೊಲ್ಲಿಗೆ ಹೊರಡುವ ಮುನ್ನ

ಹ್ಯೂಸ್ಟನ್,
ರವಿವಾರ, 6 ಅಕ್ಟೋಬರ್ 2024

ತೀರ್ಥರೂಪ ಅಪ್ಪಯ್ಯನವರಿಗೂ ಮಾತೃಶ್ರೀ ಆಯಿಯವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮವಾಗಿದ್ದೇವೆ. ನವರಾತ್ರಿಯ ದಿನಗಳಲ್ಲಿ ನಿಮ್ಮ ಆರೋಗ್ಯವೂ ಚೆನ್ನಾಗಿದೆಯೆಂದು ನಂಬಿದ್ದೇನೆ.

ಶುಕ್ರವಾರ ಫೋನಿನಲ್ಲಿ ಮಾತಾಡುವಾಗ, ಡಿಸೆಂಬರಿನಲ್ಲಿ ಒಂದು ವಾರ ಮೆಕ್ಸಿಕೊಕ್ಕೆ ಹೋಗಿ ಬರುವ ಯೋಚನೆಯಿದೆ ಎಂದು ನಾನು ಹೇಳಿದ ಕೂಡಲೇ ಆಯಿ ಸುಮ್ಮನಾದದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಅಪ್ಪಯ್ಯ "ಹೋಗಿ ಬನ್ನಿ" ಎಂದರೂ ಆ ಮಾತಿನ ಹಿಂದೆ ಹತ್ತು ಪ್ರಶ್ನೆಗಳಿದ್ದವೆಂದು ನನಗೆ ಗೊತ್ತು. ಫೋನಿನ ಅವಸರದಲ್ಲಿ ಅವಕ್ಕೆಲ್ಲ ಸರಿಯಾಗಿ ಉತ್ತರ ಹೇಳಲಾಗದು ಎಂದುಕೊಂಡು, ಪುಟ್ಟಿ ಮಲಗಿದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಈ ದೇಶಕ್ಕೆ ಬಂದ ಎಂಟು ವರ್ಷಗಳಲ್ಲಿ ಕೂಡಿಟ್ಟ ರಜೆಯನ್ನೆಲ್ಲ ನಾವು ಊರಿಗೆ ಬರುವುದಕ್ಕೇ ಬಳಸಿದ್ದೇವೆ. ರಜೆ ಎಂದರೆ ಹೊನ್ನಾವರ ಎಂಬುದು ನಮ್ಮ ಮನೆಯಲ್ಲಿ ಚರ್ಚೆಯೇ ಇಲ್ಲದೆ ನಡೆದುಬಂದ ವಿಷಯ. ಆದ್ದರಿಂದಲೇ ಮನೆಯಲ್ಲದ ಬೇರೊಂದು ಕಡೆಗೆ ಟಿಕೆಟು ತೆಗೆಸುವಾಗ ನನ್ನ ಕೈ ಹಿಂದೇಟು ಹಾಕಿತು. ಆದರೆ ಈ ಪ್ರಯಾಣದಿಂದ ಊರಿನ ಪ್ರಯಾಣ ತಪ್ಪುವುದಿಲ್ಲ. ಫೆಬ್ರವರಿ ಕೊನೆಗೆ ನಾವು ಬರುತ್ತಿದ್ದೇವೆ, ಅದರಲ್ಲಿ ಯಾವ ಬದಲಾವಣೆಯೂ ಇಲ್ಲ.

ಹೋಗಬೇಕೆಂದಿರುವ ಊರಿನ ಹೆಸರು ಪುಎರ್ತೊ ವಯಾರ್ತಾ. ಮೆಕ್ಸಿಕೊದ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ದಡದಲ್ಲಿ, ಹಲಿಸ್ಕೊ ರಾಜ್ಯದಲ್ಲಿದೆ. ಅಲ್ಲಿನ ಕೊಲ್ಲಿಗೆ ಬಾಂದೆರಾಸ್ ಎಂದು ಹೆಸರು, ಅಂದರೆ ಬಾವುಟಗಳ ಕೊಲ್ಲಿ. ಇಲ್ಲಿ ನಮಗೆ ಹತ್ತಿರದ ಕಡಲೆಂದರೆ ಗ್ಯಾಲ್ವೆಸ್ಟನ್. ಪುಟ್ಟಿ ಕಡಲೆಂದು ತಿಳಿದಿರುವುದು ಅದನ್ನೇ. ನೀರು ಸದಾ ಕದಡಿದ ಮಣ್ಣಿನ ಬಣ್ಣ, ದಡವೆಲ್ಲ ಚಪ್ಪಟೆ, ಬೆನ್ನ ಹಿಂದೆ ಒಂದು ಗುಡ್ಡವೂ ಇಲ್ಲ. ಕಡಲಿನ ಹಿಂದೆ ಘಟ್ಟ ಇರಬೇಕು, ಘಟ್ಟದಿಂದ ಹೊಳೆ ಇಳಿದು ಬರಬೇಕು, ಹೊಳೆ ಕಡಲು ಸೇರುವಲ್ಲಿ ಊರು ಇರಬೇಕು ಎಂಬ ಚಿತ್ರವನ್ನು ಶರಾವತಿಯ ದಡದಲ್ಲಿ ಬೆಳೆದ ನನ್ನ ಮನಸ್ಸಿನಿಂದ ತೆಗೆಯಲು ಯಾರಿಂದಲೂ ಆಗದು. ವಯಾರ್ತಾದ ಚಿತ್ರಗಳನ್ನು ನೋಡಿದಾಗ ಅದೇ ಕಾಣಿಸಿತು. ಸಿಯೆರಾ ಮಾದ್ರೆ ಪರ್ವತಗಳು ಹಸಿರು ಹೊದ್ದು ನೇರ ನೀರಿನವರೆಗೆ ಇಳಿಯುತ್ತವೆ, ಕುವಾಲೆ ಎಂಬ ಸಣ್ಣ ಹೊಳೆ ಊರಿನ ನಡುವೆ ಹರಿದು ಕಡಲು ಸೇರುತ್ತದೆ, ಕೆಂಪು ಹೆಂಚಿನ ಮನೆಗಳು ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ.

ಅಪ್ಪಯ್ಯನಿಗೆ ಇಷ್ಟವಾಗುವ ಇನ್ನೊಂದು ಸಂಗತಿಯಿದೆ. ಈ ಊರಿನ ಹಳೆಯ ಹೆಸರು ಲಾಸ್ ಪೆನ್ಯಾಸ್. 1851ರಲ್ಲಿ ಇಲ್ಲಿ ನೆಲೆ ನಿಂತ ಗ್ವಾದಲುಪೆ ಸಾಂಚೆಸ್ ಎಂಬಾತ ದೋಣಿಯಲ್ಲಿ ಉಪ್ಪು ತರುತ್ತಿದ್ದನಂತೆ. ಘಟ್ಟದ ಮೇಲಿನ ಗಣಿಗಳಲ್ಲಿ ಅದಿರಿನಿಂದ ಬೆಳ್ಳಿಯನ್ನು ಬೇರ್ಪಡಿಸಲು ಉಪ್ಪು ಬೇಕಾಗುತ್ತಿತ್ತು. ನಮ್ಮ ಸಾಣಿಕಟ್ಟಾದ ಉಪ್ಪು ಘಟ್ಟ ಹತ್ತಿದ ಹಾಗೆಯೇ ಅಲ್ಲಿಯೂ ಕಡಲ ಉಪ್ಪು ಮೇಲಕ್ಕೆ ಹೋಗುತ್ತಿತ್ತು. ಹಲಿಸ್ಕೊದ ರಾಜ್ಯಪಾಲನಾಗಿದ್ದ ಇಗ್ನಾಸಿಯೊ ವಯಾರ್ತಾನ ಹೆಸರು ಊರಿಗೆ ಬಂದದ್ದು 1918ರಲ್ಲಿ. 1963ರಲ್ಲಿ ಹತ್ತಿರದ ಮಿಸ್ಮಲೋಯಾ ಕಡಲತೀರದಲ್ಲಿ ಒಂದು ಹಾಲಿವುಡ್ ಚಿತ್ರ ತಯಾರಾಗಿ, ಅದರ ನಟನಟಿಯರ ಹಿಂದೆ ಪತ್ರಿಕೆಯವರು ಬಂದ ಮೇಲೆ, ಮೀನುಗಾರರ ಊರಾಗಿದ್ದುದು ಪ್ರವಾಸಿಗರ ಊರಾಯಿತು.

ಡಿಸೆಂಬರ್ 8ರಿಂದ 13ರವರೆಗೆ ಎಂದು ನಿಶ್ಚಯಿಸಿದ್ದಕ್ಕೆ ಕಾರಣಗಳಿವೆ. ನಮ್ಮ ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೊ ಸಾಮಾನ್ಯವಾಗಿ ವೀಸಾ ಕೇಳುತ್ತದೆ, ಆದರೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಗೆ ಅದು ಬೇಡ. ನಮ್ಮಿಬ್ಬರ ವೀಸಾ ಮುದ್ರೆ ಮಾರ್ಚಿನವರೆಗಷ್ಟೇ ಇದೆ. ಪುಟ್ಟಿ ಇಲ್ಲಿಯೇ ಹುಟ್ಟಿದವಳಾದ್ದರಿಂದ ಅವಳಿಗೆ ಅಮೆರಿಕದ ಪಾಸ್‌ಪೋರ್ಟ್ ಸಾಕು. ಇನ್ನು ಮಳೆ ಮತ್ತು ಚಂಡಮಾರುತಗಳ ವಿಷಯ. ಕಳೆದ ವರ್ಷ ಅಕ್ಟೋಬರ್ 10ರಂದು ಲಿಡಿಯಾ ಚಂಡಮಾರುತ ವಯಾರ್ತಾದ ದಕ್ಷಿಣಕ್ಕೆ ದಡ ಮುಟ್ಟಿತ್ತು. ಅಲ್ಲಿ ಚಂಡಮಾರುತಗಳ ಕಾಲವೆಂದು ಲೆಕ್ಕ ಹಾಕುವುದು ನವೆಂಬರ್ 30ರವರೆಗೆ, ಹಾಗಾಗಿ ಡಿಸೆಂಬರಿನಲ್ಲಿ ಆ ಭಯವಿಲ್ಲ. ವಿಮಾನ ಪ್ರಯಾಣ ಮೂರು ಗಂಟೆಗೂ ಕಡಿಮೆ, ಗಡಿಯಾರವನ್ನೂ ಬದಲಿಸಬೇಕಾಗಿಲ್ಲ. ದಿನವೂ ಈಗಿನ ಹೊತ್ತಿಗೇ ಫೋನು ಮಾಡುತ್ತೇನೆ.

ಮೆಕ್ಸಿಕೊ ಎಂದರೆ ಗುಂಡಿನ ಸದ್ದು ಎಂದು ಟಿ.ವಿ.ಯಲ್ಲಿ ನೋಡಿ ನೀವು ಹೆದರಿರುವುದು ಸಹಜ, ನಾನು ಅದನ್ನು ಮುಚ್ಚಿಡುವುದಿಲ್ಲ. ಹಲಿಸ್ಕೊ ರಾಜ್ಯಕ್ಕೆ ಹೋಗುವ ಮುನ್ನ ಮತ್ತೊಮ್ಮೆ ಯೋಚಿಸಿ ಎಂದು ಅಮೆರಿಕ ಸರಕಾರವೇ ತನ್ನ ಪ್ರಜೆಗಳಿಗೆ ಹೇಳುತ್ತದೆ. ಅದೇ ಸೂಚನೆಯಲ್ಲಿ, ಪುಎರ್ತೊ ವಯಾರ್ತಾಕ್ಕೆ ಹೋಗಲು ತನ್ನ ನೌಕರರಿಗೆ ಯಾವ ನಿರ್ಬಂಧವೂ ಇಲ್ಲವೆಂದೂ ಬರೆದಿದೆ. ಎರಡನ್ನೂ ಓದಿದ ಮೇಲೆಯೇ ನಾವು ತೀರ್ಮಾನಿಸಿದ್ದು. ಬಾಡಿಗೆ ಕಾರು ತೆಗೆದುಕೊಳ್ಳುವುದಿಲ್ಲ, ಊರು ಬಿಟ್ಟು ಘಟ್ಟದ ರಸ್ತೆ ಹಿಡಿಯುವುದಿಲ್ಲ, ಕತ್ತಲಾದ ಮೇಲೆ ಜನಸಂಚಾರವಿರುವ ಬೀದಿ ಬಿಟ್ಟು ಹೋಗುವುದಿಲ್ಲ. ಹೊರಡುವ ವಾರ ಸೂಚನೆಯನ್ನು ಮತ್ತೊಮ್ಮೆ ನೋಡಿ, ಬದಲಾಗಿದ್ದರೆ ಟಿಕೆಟು ರದ್ದು ಮಾಡುತ್ತೇವೆ.

ಉಳಿದುಕೊಳ್ಳುವ ಜಾಗದ ಬಗ್ಗೆ ನಾವಿಬ್ಬರೂ ಮೂರು ವಾರ ಚರ್ಚಿಸಿದ್ದೇವೆ. ಊರಿನ ಉತ್ತರಕ್ಕೆ ಸಾಲುಸಾಲಾಗಿ ದೊಡ್ಡ ಹೋಟೆಲುಗಳಿವೆ. ಅಲ್ಲಿ ಒಮ್ಮೆ ಹಣ ಕಟ್ಟಿದರೆ ಊಟ, ತಿಂಡಿ, ಮದ್ಯ ಎಲ್ಲವೂ ಅದರೊಳಗೇ ಬರುತ್ತದೆ. ಕುಡಿಯದ, ಮಾಂಸ ಮೀನು ಮುಟ್ಟದ ನಾವು ಅಷ್ಟು ಹಣ ಕೊಡುವುದರಲ್ಲಿ ಅರ್ಥವಿಲ್ಲವೆಂದು ನನ್ನ ಅಭಿಪ್ರಾಯ. ಹೊರಗೆ ಕಾಲಿಡದೆ ಆರು ದಿನ ಈಜುಕೊಳದ ಪಕ್ಕ ಕುಳಿತು ಬರುವುದಾದರೆ ಬೇರೆ ದೇಶಕ್ಕೆ ಯಾಕೆ ಹೋಗಬೇಕು? ಒಂದು ಹೋಟೆಲು ಕಾಯ್ದಿರಿಸಿಯೂ ಆಗಿತ್ತು. ಆಮೇಲೆ ಮೊದಲು ಹೇಳದೇ ಇದ್ದ ಶುಲ್ಕಗಳು ಒಂದೊಂದಾಗಿ ಹೊರಬಂದವು, ಇವರು ಬೇಸರಪಟ್ಟು ಅದನ್ನು ರದ್ದು ಮಾಡಿದರು. ಈಗ ಕುವಾಲೆ ಹೊಳೆಯ ದಕ್ಷಿಣಕ್ಕೆ, ಹಳೆಯ ಊರಿನಲ್ಲಿ, ಅಡುಗೆಮನೆಯಿರುವ ಎರಡು ಕೋಣೆಗಳ ಮನೆ ಸಿಕ್ಕಿದೆ. ಗುಡ್ಡದ ಮೇಲಿನ ಮನೆಗಳಿಂದ ಕಡಲು ಚೆನ್ನಾಗಿ ಕಾಣುತ್ತದೆ, ಆದರೆ ನೂರಾರು ಮೆಟ್ಟಿಲುಗಳನ್ನು ಪುಟ್ಟಿಯನ್ನು ಎತ್ತಿಕೊಂಡು ಹತ್ತಬೇಕಾದೀತೆಂದು ಸಪಾಟಾದ ಬೀದಿಯನ್ನೇ ಆರಿಸಿದೆವು.

ಇನ್ನು ಊಟದ ವಿಷಯ. ಆಯಿಯ ಮೌನಕ್ಕೆ ಅರ್ಧ ಕಾರಣ ಇದೇ ಎಂದು ನನಗೆ ಅನ್ನಿಸಿದೆ. ಅಲ್ಲಿಯ ರೊಟ್ಟಿಯಾದ ತೋರ್ತಿಯಾವನ್ನು ಮೆಕ್ಕೆಜೋಳದಿಂದ ಮಾಡುತ್ತಾರೆ. ಒಣಗಿದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಗ್ಗೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಅದನ್ನು ತೊಳೆದು ರುಬ್ಬಿ, ತಟ್ಟಿ, ಕಾವಲಿಯ ಮೇಲೆ ಬೇಯಿಸುತ್ತಾರೆ. ಎಲೆಯಡಿಕೆಗೆ ಹಚ್ಚುವ ಸುಣ್ಣ ರೊಟ್ಟಿಯ ಹಿಟ್ಟಿಗೂ ಬರುತ್ತದೆಂದು ಓದಿದಾಗ, ಆಯಿ ಇದನ್ನು ಪರೀಕ್ಷಿಸದೆ ಬಿಡುವುದಿಲ್ಲ ಎಂದುಕೊಂಡೆ. ಸೀಮೆಬದನೆ ಆ ದೇಶದ್ದೇ ತರಕಾರಿ, ಅಲ್ಲಿ ಅದಕ್ಕೆ ಚಯೋತೆ ಎನ್ನುತ್ತಾರೆ. ನಾವು ದಿನವೂ ಒಗ್ಗರಣೆಗೆ ಹಾಕುವ ಮೆಣಸಿನಕಾಯಿಯ ತವರೂ ಅದೇ.

ತೊಂದರೆಯಿರುವುದು ಬೀನ್ಸ್ ಮತ್ತು ಅನ್ನದಲ್ಲಿ. ಬೀನ್ಸಿನ ಪಲ್ಯಕ್ಕೆ ಹಂದಿಯ ಕೊಬ್ಬನ್ನು ಹಾಕುವುದುಂಟು, ಅನ್ನವನ್ನು ಕೋಳಿಯ ರಸದಲ್ಲಿ ಬೇಯಿಸುವುದುಂಟು. ನೋಡಿದರೆ ಎರಡೂ ಶಾಕಾಹಾರದಂತೆಯೇ ಕಾಣುತ್ತವೆ. ಆದ್ದರಿಂದ ಇವರು ಒಂದು ಕಾಗದದ ಮೇಲೆ "ಸಿನ್ ಮಾಂತೆಕಾ, ಸಿನ್ ಕಾಲ್ದೊ ದೆ ಪೊಯೊ, ಸಿನ್ ಕಾರ್ನೆ, ಸಿನ್ ಪೆಸ್ಕಾದೊ" ಎಂದು ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಾರೆ. ಹಂದಿಯ ಕೊಬ್ಬಿಲ್ಲದೆ, ಕೋಳಿಯ ರಸವಿಲ್ಲದೆ, ಮಾಂಸವಿಲ್ಲದೆ, ಮೀನಿಲ್ಲದೆ ಎಂದು ಅದರ ಅರ್ಥ. ಪುಟ್ಟಿಯೂ ಕೇಳಿ ಕೇಳಿ ಕಲಿತಿದ್ದಾಳೆ. ಎರಡು ಹೊತ್ತು ಮನೆಯಲ್ಲೇ ಅಡುಗೆ ಮಾಡುತ್ತೇನೆ, ಅವಲಕ್ಕಿ ಮತ್ತು ನೀವು ಕಳುಹಿಸಿದ ಸಾರಿನ ಪುಡಿ ಪೆಟ್ಟಿಗೆಯಲ್ಲಿರುತ್ತವೆ. ನಲ್ಲಿಯ ನೀರನ್ನು ಅಲ್ಲಿ ಹೆಚ್ಚಿನವರು ಕುಡಿಯುವುದಿಲ್ಲ. 20 ಲೀಟರಿನ ಶುದ್ಧ ನೀರಿನ ಕ್ಯಾನುಗಳು ಮನೆಮನೆಗೂ ಬರುತ್ತವೆ, ಹಲ್ಲುಜ್ಜಲೂ ಅದನ್ನೇ ಬಳಸುತ್ತೇವೆ.

ಅಪ್ಪಯ್ಯ, ನಿಮಗೆ ಹೇಳಬೇಕೆಂದು ಕಾಯುತ್ತಿದ್ದ ಸಂಗತಿ ಇದು. ಆ ಊರಿನ ಕಡಲ ದಂಡೆಯುದ್ದಕ್ಕೂ ಮಲೆಕೋನ್ ಎಂಬ ಕಾಲುದಾರಿಯಿದೆ. ಅಲ್ಲಿ ಹೆಗಲ ಮೇಲಿನ ಅಡ್ಡದಿಂದ ದೊಡ್ಡ ಸೋರೆಬುರುಡೆ ತೂಗುಹಾಕಿಕೊಂಡು ಬಿಳಿಯ ಪಾನೀಯ ಮಾರುವವರಿದ್ದಾರೆ. ಅದರ ಹೆಸರು ತೂಬಾ. ತೆಂಗಿನ ಹೊಂಬಾಳೆಯನ್ನು ಬಿಗಿದು ಕಟ್ಟಿ, ತುದಿ ಕೊಯ್ದು ಇಳಿಸಿದ ರಸ. ಅದರ ಮೇಲೆ ಸಣ್ಣಗೆ ಹೆಚ್ಚಿದ ಸೇಬನ್ನೂ ಅಕ್ರೋಟನ್ನೂ ಉದುರಿಸಿ ಕೊಡುತ್ತಾರೆ. ಸ್ಪೇನಿನವರ ಹಡಗುಗಳು 1565ರಿಂದ 1815ರವರೆಗೆ ಮನಿಲಾಕ್ಕೂ ಮೆಕ್ಸಿಕೊದ ಅಕಾಪುಲ್ಕೊ ಬಂದರಿಗೂ ಓಡಾಡುತ್ತಿದ್ದವು. ಆ ಹಡಗುಗಳಲ್ಲಿ ಬಂದ ಫಿಲಿಪ್ಪೀನ್ಸಿನ ಜನರೇ ಈ ವಿದ್ಯೆಯನ್ನು ಅಲ್ಲಿಗೆ ತಂದದ್ದು, ತೂಬಾ ಎಂಬುದೂ ಅವರದೇ ಮಾತು. ಮೆಕ್ಸಿಕೊದವರು ಬಹಳ ಇಷ್ಟಪಡುವ ಒಂದು ಮಾವಿಗೆ ಇಂದಿಗೂ ಮನಿಲಾ ಮಾವು ಎಂದೇ ಹೆಸರು. ತೆಂಗಿನ ತೋಟದ ಜೊತೆಗೆ ಬದುಕು ಕಳೆದ ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ನಾನು ಆರೇಳು ವರ್ಷದವಳಿದ್ದಾಗ, ಬೆಳಕು ಹರಿಯುವ ಮುನ್ನ ಮರದಿಂದ ಇಳಿಸಿದ ನೀರಾವನ್ನು ಹಿತ್ತಾಳೆಯ ಲೋಟದಲ್ಲಿ ನನಗೆ ಕೊಟ್ಟು, ಬಿಸಿಲೇರುವುದರೊಳಗೆ ಕುಡಿದು ಮುಗಿಸು ಎಂದಿದ್ದಿರಿ. ತೂಬಾವೂ ಬೆಳಗಿನದಾದರೆ ಸಿಹಿ, ಹೊತ್ತೇರಿದಂತೆ ಹುಳಿ. ನಿಮ್ಮ ಒಪ್ಪಿಗೆ ಇದ್ದರೆ ಬೆಳಗಿನ ತಾಜಾ ರಸವನ್ನು, ಮಂಜುಗಡ್ಡೆಯಿಲ್ಲದೆ, ಒಂದು ಲೋಟ ರುಚಿ ನೋಡಬೇಕೆಂದಿದ್ದೇನೆ.

ನಾವಿರುವ ದಿನಗಳಲ್ಲಿಯೇ ಅಲ್ಲಿನ ದೊಡ್ಡ ಹಬ್ಬವೂ ಬೀಳುತ್ತದೆ. ಡಿಸೆಂಬರ್ 12 ಗ್ವಾದಲುಪೆ ಮಾತೆಯ ದಿನ. ಆ ತಿಂಗಳ ಒಂದನೆಯ ತಾರೀಕಿನಿಂದಲೇ ಕೆಲಸಗಾರರು, ಕೇರಿಯವರು, ಅಂಗಡಿಯವರು ಗುಂಪುಗುಂಪಾಗಿ ಹಾಡುತ್ತ ಕುಣಿಯುತ್ತ ಹೂವು ಹಿಡಿದು ಅವಳ ಇಗರ್ಜಿಗೆ ನಡೆದುಹೋಗುತ್ತಾರಂತೆ. ಆ ಇಗರ್ಜಿಯ ಗೋಪುರದ ತಲೆಯ ಮೇಲೆ ಕಿರೀಟವೇ ಇದೆ. ಇಡೀ ಊರು ಬೀದಿಗಿಳಿಯುವ ಹಬ್ಬವೆಂದರೆ ಏನೆಂದು ಹ್ಯೂಸ್ಟನ್ನಿನ ಕಾರುಗಳ ನಡುವೆ ಬೆಳೆಯುತ್ತಿರುವ ಪುಟ್ಟಿಗೆ ತಿಳಿಯಬೇಕು.

ತಿಮಿಂಗಿಲಗಳನ್ನು ನೋಡುವ ಅಧಿಕೃತ ಕಾಲ ಡಿಸೆಂಬರ್ 8ರಿಂದ ಮಾರ್ಚ್ 23ರವರೆಗೆ. ಉತ್ತರದ ತಣ್ಣನೆಯ ನೀರಿನಿಂದ ಮರಿ ಹಾಕಲು ಈ ಬೆಚ್ಚನೆಯ ಕೊಲ್ಲಿಗೆ ಬರುತ್ತವೆ. ನಾವು ಹೋಗುವುದು ಮೊದಲ ವಾರವಾದ್ದರಿಂದ ಕಂಡರೆ ಪುಣ್ಯ. ಸಣ್ಣ ದೋಣಿಗಳು 60 ಮೀಟರಿಗಿಂತ ಹತ್ತಿರ ಹೋಗಬಾರದೆಂಬ ನಿಯಮವಿದೆ, ಪರವಾನಗಿಯಿರುವ ದೋಣಿಯಲ್ಲಿ, ಪುಟ್ಟಿಗೆ ಅಳತೆಯ ಜೀವರಕ್ಷಕ ಅಂಗಿ ಇದ್ದರೆ ಮಾತ್ರ ಹತ್ತುತ್ತೇವೆ.

ನನ್ನ ಮನಸ್ಸು ಹೆಚ್ಚಾಗಿ ಹರಿದಿರುವುದು ಕಡಲಾಮೆಗಳ ಕಡೆಗೆ. ಅಲ್ಲಿ ಮೊಟ್ಟೆಯಿಡುವುದು ಆಲಿವ್ ರಿಡ್ಲೆ ಎಂಬ ಜಾತಿ, ನಮ್ಮ ಹೊನ್ನಾವರದ ಕಾಸರಕೋಡು ಟೊಂಕದ ಮರಳಿಗೆ ಬರುವ ಅದೇ ಆಮೆ. ಮೆಕ್ಸಿಕೊದಲ್ಲಿ ಒಂದು ಕಾಲದಲ್ಲಿ ಅವನ್ನು ಚರ್ಮಕ್ಕಾಗಿ, ಮೊಟ್ಟೆಗಾಗಿ ರಾಶಿರಾಶಿ ಕೊಲ್ಲುತ್ತಿದ್ದರು. 1990ರಲ್ಲಿ ಸರಕಾರ ಅದನ್ನು ಪೂರ್ತಿ ನಿಷೇಧಿಸಿತು. ಈಗ ದಡದಲ್ಲಿ ಕಾವಲು ಶಿಬಿರಗಳಿದ್ದು, ಮೊಟ್ಟೆಗಳನ್ನು ಬೇಲಿಯೊಳಗೆ ಹೂತು ಕಾಯುತ್ತಾರೆ. ಸುಮಾರು ಒಂದೂವರೆ ತಿಂಗಳ ಮೇಲೆ ಮರಿಗಳು ಹೊರಬಂದಾಗ, ಸಂಜೆಯ ಹೊತ್ತು ನೀರಿನಿಂದ ಸ್ವಲ್ಪ ದೂರದಲ್ಲಿ ಮರಳಿನ ಮೇಲೆ ಬಿಡುತ್ತಾರೆ. ಅವು ತಾವಾಗಿಯೇ ತೆವಳಿ ಕಡಲು ಸೇರಬೇಕು. ಈ ಕೆಲಸ ಡಿಸೆಂಬರಿನವರೆಗೂ ನಡೆಯುತ್ತದೆ, ಪ್ರವಾಸಿಗರೂ ಸೇರಬಹುದು. ಕೈಗೆ ಬಿಸಿಲಿನ ಕ್ರೀಮು ಹಚ್ಚಿಕೊಂಡು ಮರಿಗಳನ್ನು ಮುಟ್ಟಬಾರದೆಂದು ಪುಟ್ಟಿಗೆ ಈಗಿನಿಂದಲೇ ಹೇಳಿಕೊಡುತ್ತಿದ್ದೇನೆ.

ಒಮ್ಮೆ ಬೆಳಗಿನ ಜಾವ ನೀವು ನನ್ನನ್ನು ಟೊಂಕಕ್ಕೆ ಕರೆದೊಯ್ದು, ಹಸಿ ಮರಳಿನ ಮೇಲೆ ನೀರಿನಿಂದ ಗಾಳಿಮರಗಳ ಬುಡದವರೆಗೆ ಹೋಗಿ ಮತ್ತೆ ನೀರಿಗೆ ತಿರುಗಿದ್ದ ಎರಡು ಅಗಲವಾದ ಜಾಡುಗಳನ್ನು ತೋರಿಸಿದ್ದಿರಿ. ಒಂದು ಬಂದದ್ದು, ಒಂದು ಹೋದದ್ದು ಎಂದಿದ್ದಿರಿ. ಆಮೆಯನ್ನು ಮಾತ್ರ ಅಂದು ನಾವು ಕಾಣಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಟೊಂಕದ ಮೀನುಗಾರರನ್ನೋ ಅರಣ್ಯ ಇಲಾಖೆಯವರನ್ನೋ ಕಂಡಾಗ, ಈ ವರ್ಷ ಆಮೆಗಳು ಯಾವಾಗ ಬರುತ್ತವೆ, ಮರಿ ಬಿಡುವ ದಿನಗಳು ಯಾವುವು ಎಂದು ವಿಚಾರಿಸಿಡಿ. ಮೆಕ್ಸಿಕೊದಲ್ಲಿ ಡಿಸೆಂಬರಿನಲ್ಲಿ ನೋಡಿದ್ದನ್ನು ಪುಟ್ಟಿ ಫೆಬ್ರವರಿ ಕೊನೆಯಲ್ಲಿ ನಿಮ್ಮ ಬೆರಳು ಹಿಡಿದು ಟೊಂಕದಲ್ಲಿಯೂ ನೋಡಲಿ. ಆ ದಿನಗಳಿಗೆ ಹೊಂದುವಂತೆ ನಮ್ಮ ಊರಿನ ಟಿಕೆಟನ್ನು ನಾಲ್ಕಾರು ದಿನ ಮುಂದೂಡಲು ಇವರು ಒಪ್ಪಿದ್ದಾರೆ.

ಆಯಿ, ನೀವು ಮನಸ್ಸಿನಲ್ಲಿರುವುದನ್ನು ಮುಂದಿನ ಫೋನಿನಲ್ಲಿ ಹೇಳಬೇಕು. ವಯಾರ್ತಾದಲ್ಲಿ ಉಳಿದುಕೊಳ್ಳುವ ಮನೆಯ ಹಣ ಪೂರ್ತಿ ಕಟ್ಟಲು ಈ ತಿಂಗಳ 25ರವರೆಗೆ ಅವಕಾಶವಿದೆ. ಅದಕ್ಕೆ ಮೊದಲು ನಿಮ್ಮ ಬಾಯಿಂದ ಒಪ್ಪಿಗೆಯ ಮಾತು ಕೇಳಬೇಕೆಂದು ನನ್ನ ಆಸೆ.

ನಿಮ್ಮ ಆಶೀರ್ವಾದ ಬೇಡುವ,
ಪ್ರೀತಿಯ ಮಗಳು