ಮಾಗಡಿ ಕೆರೆಯ ಹಕ್ಕಿ ಎಣಿಕೆ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಫೆಬ್ರವರಿ 2ರ ಬೆಳಿಗ್ಗೆ ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕರೆದುಕೊಂಡು ಹೋಗುತ್ತೇವೆ. ಅವತ್ತು ವಿಶ್ವ ಜೌಗುಭೂಮಿ ದಿನ. "ಕೆರಿ ನೋಡಾಕ ಸಾಲಿಯಿಂದ ಹೋಗಬೇಕೇನ್ರಿ ಸರ? ದಿನಾ ಎಮ್ಮಿ ಹೊಡಕೊಂಡು ಅಲ್ಲೇ ಹೋಗ್ತಾರಲ್ಲ" ಎಂದು ಒಬ್ಬ ತಾಯಿ ಮೊನ್ನೆ ಕೇಳಿದರು. ಮಾತು ನಿಜವೇ. ಈ ಸಲ ಮಕ್ಕಳಿಗೆ ಬೇರೆ ಕೆಲಸವಿದೆ. ಹಕ್ಕಿ ಎಣಿಸಬೇಕು.

ನಮ್ಮದು ಸುಮಾರು 134 ಎಕರೆಯ ಕೆರೆ, ಅಷ್ಟೇ. ಆದರೂ 2024ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯದ ಅಂಕಸಮುದ್ರ, ಅಘನಾಶಿನಿ ಜೊತೆಗೆ ಇದರ ಹೆಸರೂ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಯಲ್ಲಿ ಬಂತು. ಒಂದು ಜಾತಿಯ ನೀರುಹಕ್ಕಿಯಲ್ಲಿ ನೂರಕ್ಕೆ ಒಂದರಷ್ಟು ವರ್ಷ ವರ್ಷವೂ ಒಂದೇ ಕಡೆ ಸೇರುತ್ತವೆಯಾ ಎಂಬುದು ಆ ಪಟ್ಟಿಗೆ ನೋಡುವ ಅಂಶಗಳಲ್ಲಿ ಒಂದು. ಯಾರಾದರೂ ಕೂತು ಎಣಿಸಿದರೆ ತಾನೇ ಅದು ಗೊತ್ತಾಗೋದು? ಇಲ್ಲಿಗೆ ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ, ಕಾಡಿಗೆ ಬೆರಳಿನಿಂದ ಎಳೆದ ಹಾಗೆ.

ಹಿಂಡನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ತುಂಬಿವೆ ಎಂದು ಕಣ್ಣಳತೆ ಹಿಡಿದು, ಅಂಥ ಹತ್ತುಗಳನ್ನು ಕೂಡಿಸುತ್ತ ಹೋಗಬೇಕು. ಶಾಲೆಯ ಅಂಗಳದಲ್ಲಿ ಕಡಲೆ ಚೆಲ್ಲಿ ಅಭ್ಯಾಸ ಮಾಡಿಸಿದೆವು. 300 ಕಾಳಿಗೆ ಒಬ್ಬಳು 280 ಅಂದಳು, ಒಬ್ಬ 700 ಅಂದ. ಆಮೇಲೆ ಅರ್ಧ ಕಾಳು ಬಾಯಿಗೆ ಹೋದವು, ಅದು ಬೇರೆ ಮಾತು.

ಕಡಲೆ ಅಂದ ಕೂಡಲೇ ನಿಮಗೆ ಹೊಲ ನೆನಪಾಗಿರುತ್ತದೆ. ಈ ಬಾತುಗಳು ಹಗಲು ಕೆರೆಯಲ್ಲಿದ್ದು, ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತವೆ. ನನ್ನ ಹಿಂಗಾರಿ ಕಡಲೆಯಲ್ಲೂ ಒಂದು ಮೂಲೆ ಬೋಳಾಗಿದೆ. ಕೆರೆ ಸುತ್ತ ಬೇಲಿ ಹಾಕಿದರೆ ಹಕ್ಕಿ ಉಳಿಯಿತು ಅನ್ನುವವರಿಗೆ ಇದು ಗೊತ್ತಿಲ್ಲ: ಅದರ ಮನೆ ಕೆರೆ, ಊಟ ನಮ್ಮ ಹೊಲ. ಹಾಗಂತ ನಷ್ಟವನ್ನೆಲ್ಲ ರೈತನೇ ಹೊರಲಿ ಅನ್ನೋದೂ ನ್ಯಾಯವಲ್ಲ. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದು, ಸರ್ವೆ ನಂಬರ್ ಬರೆದು ಕಳಿಸಿ. ಅರಣ್ಯ ಇಲಾಖೆಗೆ ಅರ್ಜಿಯನ್ನು ಶಾಲೆಯಲ್ಲೇ ಬರೆದುಕೊಡುತ್ತೇವೆ. ಪರಿಹಾರ ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಾರೆ.

ಅಲ್ಲಿಯವರೆಗೆ ಕೆರೆ ಹತ್ತಿರ ಪಟಾಕಿ ಹೊಡೆಯಬೇಡಿ. ಹೆದರಿ ಎದ್ದ ಹಿಂಡು ಮತ್ತೆ ನೆಲೆಯಾಗಲು ಬಹಳ ಹೊತ್ತು ಬೇಕು. ರಾತ್ರಿ ಹೊಲ ಕಾಯಲು ಮಕ್ಕಳನ್ನು ಕಳಿಸಲೇಬೇಡಿ. ಮೊದಲನೇ ಪಿರಿಯಡ್ಡಿಗೇ ತೂಕಡಿಸುತ್ತಾರೆ.

ಅವತ್ತು ಬೆಳಿಗ್ಗೆ 7 ಗಂಟೆಗೆ ಶಾಲೆಯಿಂದ ಹೊರಡುತ್ತೇವೆ. ನೀರಿನ ಬಾಟಲಿ, ನೋಟ್‌ಬುಕ್, ಪೆನ್ಸಿಲ್ ಸಾಕು. ಉಪ್ಪಿಟ್ಟು ನಮ್ಮದು. ಮೊಬೈಲ್ ಕೊಟ್ಟು ಕಳಿಸಬೇಡಿ, ಸೆಲ್ಫಿಗೆ ಅಂತ ನೀರಿನ ಅಂಚಿಗೆ ಹೋಗುತ್ತಾರೆ. ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಕಳಿಸಿ.

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರೂ ಬರಲಿ. ಮೊದಲೆಲ್ಲ ಬಾತುಗಳು ಯಾವ ತಿಂಗಳು ಬರುತ್ತಿದ್ದವು, ಯಾರ ಹೊಲಕ್ಕೆ ಇಳಿಯುತ್ತಿದ್ದವು ಎಂಬುದು ನಮ್ಮ ರಿಜಿಸ್ಟರಿನಲ್ಲಿ ಇಲ್ಲ. ಅವರು ಹೇಳಲಿ, ಮಕ್ಕಳು ಬರೆದುಕೊಳ್ಳುತ್ತಾರೆ.

ಇಂತಿ,
ಮುಖ್ಯೋಪಾಧ್ಯಾಯರು